ಪಟ್ಟಿಯಲ್ಲಿ ಹೆಸರು ಹುಡುಕುವಾಗ

'ಮತ್ತು', 'ಅಥವಾ', 'ಅಲ್ಲ'. ದಿನಕ್ಕೆ ನೂರು ಸಲ ನಮ್ಮ ಬಾಯಿಂದ ಹೊರಬೀಳುವ ಈ ಮೂರು ಸಣ್ಣ ಮಾತುಗಳ ಬಗ್ಗೆ ನಾವು ಯಾರೂ ಹೆಚ್ಚು ಯೋಚಿಸುವುದಿಲ್ಲ. ಮನೆಯಿಂದ ಪೇಟೆಗೆ ಹೊರಟವನಿಗೆ "ಅಕ್ಕಿ ಮತ್ತು ಬೇಳೆ ತಾ" ಎಂದರೆ ಎರಡೂ ಬರಬೇಕು. "ಬಂಗುಡೆ ಅಥವಾ ಬೂತಾಯಿ ತಾ" ಎಂದರೆ ಯಾವುದಾದರೊಂದು ಬಂದರೂ ಸಾಕು. "ಏನಾದರೂ ತಾ, ಒಣಮೀನು ಮಾತ್ರ ಬೇಡ" ಎಂದರೆ ಒಂದನ್ನು ಬಿಟ್ಟು ಉಳಿದುದೆಲ್ಲ ಆದೀತು. ಪೇಟೆಯಿಂದ ತಂದದ್ದು ಹೆಚ್ಚುಕಡಿಮೆಯಾದರೆ ಮರುದಿನ ಸರಿಪಡಿಸಬಹುದು. ಆದರೆ ಕಂಪ್ಯೂಟರಿನ ಮುಂದೆ ಕೂತು ಮನುಷ್ಯರ ಹೆಸರುಗಳ ಪಟ್ಟಿಯಲ್ಲಿ ಹುಡುಕುವಾಗಲೂ ಇದೇ ಮೂರು ಮಾತುಗಳು ಕೆಲಸ ಮಾಡುತ್ತವೆ. ಅಲ್ಲಿ ಅವು ಒಬ್ಬರನ್ನು ಒಳಗಿಡುತ್ತವೆ, ಇನ್ನೊಬ್ಬರನ್ನು ಹೊರಗಿಡುತ್ತವೆ.

ನಾವು ಐದಾರು ಮಂದಿ ಗೆಳೆಯರು ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ರಜಾದಿನಗಳಂದು ಒಂದು ಕೆಲಸಕ್ಕೆ ಕೂರುತ್ತೇವೆ. ನಮ್ಮ ಸುತ್ತಲಿನ ಓಣಿಗಳ ಜನರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ನೋಡಿ ಹೇಳುವುದು, ಇಲ್ಲದಿದ್ದರೆ ಅರ್ಜಿ ತುಂಬಿಸಿಕೊಡುವುದು. ನಮ್ಮಲ್ಲಿ ಒಬ್ಬರು ಶಿಕ್ಷಕರು, ಒಬ್ಬರು ಔಷಧದಂಗಡಿಯವರು, ಇಬ್ಬರು ಕಾಲೇಜು ಹುಡುಗಿಯರು. ಎಲ್ಲರೂ ಒಂದೇ ಧರ್ಮದವರಲ್ಲ, ಒಂದೇ ಪಕ್ಷಕ್ಕೆ ಮತ ಹಾಕುವವರೂ ಅಲ್ಲ. ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಬೀಡಿ ಕಟ್ಟುವ ಹೆಂಗಸರು, ವಿದೇಶದಲ್ಲಿ ದುಡಿಯುವ ಮಕ್ಕಳ ತಾಯಂದಿರು. ಸೆರಗಿನ ತುದಿಯಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಗುರುತುಚೀಟಿ ಕಟ್ಟಿಕೊಂಡು ಬರುತ್ತಾರೆ. ಅವರ ಪ್ರಶ್ನೆ ಒಂದೇ: "ನನ್ನ ಹೆಸರು ಉಂಟಾ?"

ಒಂದು ಗುರುತುಚೀಟಿ ಕೈಯಲ್ಲಿದ್ದರೆ ಅದರ ಸಂಖ್ಯೆಯಿಂದ ಒಬ್ಬರ ಹೆಸರನ್ನು ನೋಡುವುದು ಕಷ್ಟವಲ್ಲ. ಚೀಟಿ ಕಳೆದುಹೋದವರ, ಇಡೀ ಓಣಿಯವರ ಹೆಸರುಗಳನ್ನು ಒಟ್ಟಿಗೆ ನೋಡಬೇಕಾದಾಗ ತೊಂದರೆ ಶುರುವಾಗುತ್ತದೆ. ಪ್ರಕಟವಾಗುವ ಪಟ್ಟಿಯ ಪುಟಗಳು ಚಿತ್ರರೂಪದಲ್ಲಿರುತ್ತವೆ, ಅದರೊಳಗೆ ಪದ ಹುಡುಕಲು ಆಗುವುದಿಲ್ಲ. ಪಟ್ಟಿಯನ್ನು ಹುಡುಕಬಹುದಾದ ಪಠ್ಯರೂಪದಲ್ಲಿ ಕೊಡಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮತದಾರರ ಖಾಸಗಿತನ ಕಾಪಾಡಬೇಕು ಎಂಬುದು ಚುನಾವಣಾ ಆಯೋಗದ ವಾದವಾಗಿತ್ತು. ಬೇಕಾದವರು ಸ್ವಂತ ಶ್ರಮದಿಂದ ಅದನ್ನು ಪಠ್ಯವಾಗಿ ಪರಿವರ್ತಿಸಿಕೊಳ್ಳಬಹುದು ಎಂದು ನ್ಯಾಯಾಲಯ ಹೇಳಿತು. ನಾವು ಮಾಡಿದ್ದೂ ಅದನ್ನೇ. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ತಂತ್ರಾಂಶದಿಂದ ನಮ್ಮ ಎರಡು ಮತಗಟ್ಟೆಗಳ ಪಟ್ಟಿಯನ್ನು ಸಾದಾ ಪಠ್ಯಕಡತವಾಗಿಸಿ, ಆಮೇಲೆ ಸಾಲುಸಾಲಾಗಿ ಓದಿ ತಿದ್ದಿದೆವು.

ಹೀಗೆ ಸಿದ್ಧವಾದ ಕಡತದಲ್ಲಿ ಹುಡುಕಲು ನಾವು ಬಳಸುವುದು 'ಗ್ರೆಪ್' ಎಂಬ ಹಳೆಯ ಸಲಕರಣೆ. ಅದರ ಹುಟ್ಟಿನ ಕತೆಯೂ ಸ್ವಾರಸ್ಯಕರವಾಗಿದೆ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅದನ್ನು ಬರೆದರು. 1973ರ ಹೊತ್ತಿಗೆ ಅದು ಯುನಿಕ್ಸಿನ ಭಾಗವಾಗಿತ್ತು. ಅದೇ ಸಂಸ್ಥೆಯಲ್ಲಿದ್ದ ಬ್ರಯಾನ್ ಕರ್ನಿಗನ್ ನೆನಪಿಸಿಕೊಂಡಿರುವಂತೆ, ಲೀ ಮೆಕ್‌ಮಾನ್ ಎಂಬ ಸಹೋದ್ಯೋಗಿಗೆ 'ಫೆಡರಲಿಸ್ಟ್' ಪ್ರಬಂಧಗಳನ್ನು ಪರಿಶೀಲಿಸಬೇಕಿತ್ತು. ಅಮೆರಿಕದ ಸಂವಿಧಾನವನ್ನು ಬೆಂಬಲಿಸಿ 1787-88ರಲ್ಲಿ ಮೂವರು ಒಂದೇ ಗುಪ್ತನಾಮದಲ್ಲಿ ಬರೆದ 85 ಪ್ರಬಂಧಗಳವು. ಯಾವುದನ್ನು ಯಾರು ಬರೆದರು ಎಂಬ ವಿವಾದ ಬಹುಕಾಲ ನಡೆದಿತ್ತು. ಅಷ್ಟು ದೊಡ್ಡ ಪಠ್ಯ ಅಂದಿನ ಸಂಪಾದನಾ ತಂತ್ರಾಂಶದ ಸ್ಮರಣೆಯಲ್ಲಿ ಹಿಡಿಸುತ್ತಿರಲಿಲ್ಲ. ಆಗ ಥಾಂಪ್ಸನ್ ಆ ತಂತ್ರಾಂಶದಿಂದ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ಪ್ರತ್ಯೇಕ ಸಲಕರಣೆ ಮಾಡಿಕೊಟ್ಟರು. ಅದರ ಕೆಲಸ ಸರಳ. ಕಡತವನ್ನು ಒಂದೊಂದೇ ಸಾಲಾಗಿ ಓದುತ್ತದೆ. ಕೇಳಿದ ಪದ ಇರುವ ಸಾಲನ್ನು ತೋರಿಸುತ್ತದೆ, ಇಲ್ಲದ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ.

ಇಲ್ಲಿ 'ಸಾಲು' ಎಂಬ ಮಾತಿನ ಮೇಲೆ ಓದುಗರು ಗಮನ ಇಡಬೇಕು. ಯಂತ್ರಕ್ಕೆ ಮನುಷ್ಯರು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಾಲು ಮಾತ್ರ. ಮತದಾರರ ಪಟ್ಟಿಯಲ್ಲಿ ಒಬ್ಬರ ವಿವರ ಒಂದು ಚೌಕದಲ್ಲಿರುತ್ತದೆ. ಹೆಸರು ಒಂದು ಸಾಲಿನಲ್ಲಿ, ತಂದೆಯ ಅಥವಾ ಗಂಡನ ಹೆಸರು ಕೆಳಗಿನ ಸಾಲಿನಲ್ಲಿ, ಮನೆ ಸಂಖ್ಯೆ ಅದರ ಕೆಳಗೆ, ವಯಸ್ಸು ಮತ್ತೂ ಕೆಳಗೆ. ಹಾಗೆಯೇ ಬಿಟ್ಟು "ಫಾತಿಮಾ ಮತ್ತು ಇಬ್ರಾಹಿಂ ಎರಡೂ ಇರುವ ಸಾಲು ತೋರಿಸು" ಎಂದರೆ ಒಂದೂ ಬರುವುದಿಲ್ಲ. ಫಾತಿಮಾ ಪಟ್ಟಿಯಲ್ಲಿದ್ದಾರೆ, ಅವರ ಪತಿ ಇಬ್ರಾಹಿಂ ಎಂಬುದೂ ಬರೆದಿದೆ, ಆದರೆ ಎರಡು ಬೇರೆ ಸಾಲುಗಳಲ್ಲಿ. ಆದ್ದರಿಂದ ನಾವು ಮೊದಲು ಮಾಡಿದ್ದು ಒಬ್ಬ ವ್ಯಕ್ತಿಯ ಎಲ್ಲ ವಿವರಗಳನ್ನು ಒಂದೇ ಸಾಲಿಗೆ ತರುವುದು. ಒಂದು ಸಾಲು, ಒಬ್ಬ ಮನುಷ್ಯ. ಈ ಪೂರ್ವಸಿದ್ಧತೆ ಇಲ್ಲದೆ ಎರಡು ಪದಗಳ ಹುಡುಕಾಟ ನಂಬಲರ್ಹವಾಗುವುದಿಲ್ಲ.

ಇನ್ನು ಹೆಸರುಗಳ ವಿಷಯ. ನಮ್ಮ ಸಮಾಜದಲ್ಲಿ ಒಂದೇ ಹೆಸರಿಗೆ ಎಷ್ಟು ರೂಪಗಳು! ಮಹಮ್ಮದ್, ಮಹಮದ್, ಮೊಹಮ್ಮದ್, ಮುಹಮ್ಮದ್, ಮಮ್ಮದ್. ಅಬ್ದುಲ್ ಖಾದರ್, ಅಬ್ದುಲ್ ಕಾದರ್, ಅಬ್ದುಲ್ ಖಾದಿರ್, ನಡುವೆ ಜಾಗವಿಲ್ಲದೆ ಬರೆದ ಅಬ್ದುಲ್ಖಾದರ್. ಆಯಿಷಾ ಮನೆಯಲ್ಲಿ ಐಸಮ್ಮ, ಖದೀಜ ಕದೀಜಮ್ಮ, ಇಬ್ರಾಹಿಂ ಇಬ್ರಾಯಿ. ಅರಬಿಯಲ್ಲಿ ಹುಟ್ಟಿದ ಹೆಸರು ಬ್ಯಾರಿ, ಉರ್ದು, ಮಲಯಾಳ ನಾಲಿಗೆಗಳನ್ನು ದಾಟಿ ಕನ್ನಡದ ಬರಹಗಾರರ ಕೈಗೆ ಬರುವಾಗ ಅವರವರ ಕಿವಿಗೆ ಕೇಳಿಸಿದಂತೆ ರೂಪ ಪಡೆಯುತ್ತದೆ. ಇದು ಮುಸ್ಲಿಮರ ಪಾಡು ಮಾತ್ರ ಎಂದುಕೊಳ್ಳಬೇಡಿ. ಸುಬ್ರಹ್ಮಣ್ಯ ಎಂಬುದು ಸುಬ್ರಮಣ್ಯ ಆಗಿದೆ, ಲಕ್ಷ್ಮಿ ಒಂದೆಡೆ ಹ್ರಸ್ವ, ಇನ್ನೊಂದೆಡೆ ದೀರ್ಘ. ಡಿಸೋಜ ಒಂದು ಮನೆಯಲ್ಲಿ ಒಂದೇ ಪದ, ಪಕ್ಕದ ಮನೆಯಲ್ಲಿ ಎರಡು. ಮನುಷ್ಯನ ಕಣ್ಣಿಗೆ ಇವೆಲ್ಲ ಒಂದೇ. ಯಂತ್ರಕ್ಕೆ ಒಂದು ದೀರ್ಘ ಹೆಚ್ಚಾದರೂ ಅದು ಬೇರೆ ಪದ.

ಇಲ್ಲಿ ನೆರವಿಗೆ ಬರುವುದು 'ಅಥವಾ'. ಮಹಮ್ಮದ್ ಅಥವಾ ಮೊಹಮ್ಮದ್ ಅಥವಾ ಮುಹಮ್ಮದ್ ಅಥವಾ ಮಮ್ಮದ್, ಇವುಗಳಲ್ಲಿ ಯಾವುದಿದ್ದರೂ ಆ ಸಾಲನ್ನು ತೋರಿಸು ಎಂದು ಗ್ರೆಪ್‌ಗೆ ಹೇಳಬಹುದು. ಪದಗಳ ನಡುವೆ ಒಂದು ನೆಟ್ಟಗಿನ ಗೆರೆ ಎಳೆದು ಬರೆಯುವ ಕ್ರಮವಿದೆ. ಪದಗಳು ಹೆಚ್ಚಾದರೆ ಅವನ್ನೆಲ್ಲ ಸಾಲಿಗೊಂದರಂತೆ ಇನ್ನೊಂದು ಕಡತದಲ್ಲಿ ಬರೆದಿಟ್ಟು, ಆ ಕಡತದಲ್ಲಿರುವ ಯಾವ ಪದ ಸಿಕ್ಕರೂ ತೋರಿಸು ಎನ್ನಬಹುದು. ಹಾಗೆ ಬರೆದಿಟ್ಟ ಕಡತದಲ್ಲಿ ಒಂದು ಖಾಲಿ ಸಾಲು ಉಳಿಯದಂತೆ ಜಾಗ್ರತೆ ವಹಿಸಬೇಕು. ಖಾಲಿ ಪದ ಎಲ್ಲ ಸಾಲುಗಳಿಗೂ ಹೊಂದುವುದರಿಂದ ಇಡೀ ಪಟ್ಟಿಯೇ ಎದುರು ಬಂದು ನಿಲ್ಲುತ್ತದೆ. ಖ, ಕ ಎರಡನ್ನೂ ಚೌಕ ಆವರಣದೊಳಗೆ ಬರೆದರೆ ಖಾದರ್, ಕಾದರ್ ಎರಡೂ ಒಂದೇ ಬಲೆಗೆ ಬೀಳುತ್ತವೆ. ಹೆಸರನ್ನು ಪೂರ್ತಿ ಬರೆಯದೆ 'ಇಬ್ರಾ' ಎಂದಷ್ಟೇ ಕೊಟ್ಟರೆ ಇಬ್ರಾಹಿಂ, ಇಬ್ರಾಹೀಮ್, ಇಬ್ರಾಯಿ ಎಲ್ಲರೂ ಬರುತ್ತಾರೆ. ತೀರಾ ಚಿಕ್ಕದು ಮಾಡಿದರೆ ಬೇಡದ್ದೂ ಬರುತ್ತದೆ. 'ರಮ' ಎಂದು ಹುಡುಕಿದರೆ ರಮೇಶ, ರಮ್ಲಾ ಮಾತ್ರವಲ್ಲ, ಪರಮೇಶ್ವರನೂ ಹಾಜರು.

ಹಲವು ಪದಗಳನ್ನು ಒಟ್ಟಿಗೆ ಹುಡುಕುವ ಈ ಕೆಲಸದ ಹಿಂದೆ ಒಂದು ಗ್ರಂಥಾಲಯದ ಅಗತ್ಯವಿತ್ತು. ಬೆಲ್ ಲ್ಯಾಬ್ಸಿನ ಆಲ್ಫ್ರೆಡ್ ಆಹೋ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲಿ ಪ್ರಕಟಿಸಿದ ವಿಧಾನ ಗ್ರಂಥಸೂಚಿಗಳಲ್ಲಿ ಹುಡುಕಲು ನೆರವಾಗಲೆಂದೇ ರೂಪುಗೊಂಡದ್ದು. ನೂರು ಪದಗಳಿದ್ದರೆ ಪಠ್ಯವನ್ನು ನೂರು ಸಲ ಓದಬೇಕಾಗಿಲ್ಲ. ಎಲ್ಲ ಪದಗಳನ್ನೂ ಅಕ್ಷರಗಳ ಕವಲುದಾರಿಯಂತೆ ಮೊದಲೇ ಹೆಣೆದಿಟ್ಟುಕೊಂಡು, ಪಠ್ಯವನ್ನು ಒಂದೇ ಸಲ ಓದುತ್ತ ಹೋದರೆ ಸಾಕು. ಒಂದು ಪದದ ದಾರಿ ನಡುವೆ ಮುರಿದರೆ ಹಿಂದಕ್ಕೆ ಬಂದು ಮೊದಲಿಂದ ಓದದೆ, ಹೊಂದುವ ಇನ್ನೊಂದು ಕವಲಿಗೆ ಜಿಗಿಯುತ್ತದೆ. ಒಂದು ಹೆಸರಿಗೆ ಇಪ್ಪತ್ತು ರೂಪಗಳಿರುವ ನಮ್ಮಂಥವರಿಗೆ ಈ ವಿಧಾನ ಎಷ್ಟು ಉಪಕಾರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಅಥವಾ' ಬಲೆಯನ್ನು ಅಗಲಿಸಿದರೆ 'ಮತ್ತು' ಅದನ್ನು ಬಿಗಿಗೊಳಿಸುತ್ತದೆ. ಕರಾವಳಿಯ ಒಂದು ಮತಗಟ್ಟೆಯಲ್ಲಿ ಫಾತಿಮಾ ಎಂಬ ಹೆಸರಿನ ಹೆಂಗಸರು ಹತ್ತಾರು ಮಂದಿ ಇರಬಹುದು. ಅವರಲ್ಲಿ ನಮಗೆ ಬೇಕಾದವರು ಯಾರು? ಆಗ ಮೊದಲ ಹುಡುಕಾಟದ ಫಲಿತಾಂಶವನ್ನೇ ಎರಡನೆಯ ಹುಡುಕಾಟಕ್ಕೆ ಹರಿಸುತ್ತೇವೆ. ಫಾತಿಮಾ ಇರುವ ಸಾಲುಗಳೆಲ್ಲ ಮೊದಲು ಸೋಸಿ ಬರುತ್ತವೆ, ಅವುಗಳೊಳಗೆ ಗಂಡನ ಹೆಸರು ಇಬ್ರಾಹಿಂ ಇರುವವು ಮತ್ತೆ ಸೋಸಿ ಬರುತ್ತವೆ, ಅವುಗಳೊಳಗೆ ಮನೆ ಸಂಖ್ಯೆ. ಯುನಿಕ್ಸಿನಲ್ಲಿ ಇದಕ್ಕೆ 'ಪೈಪ್' ಎನ್ನುತ್ತಾರೆ, ಒಂದರ ಬಾಯಿಂದ ಇನ್ನೊಂದರ ಬಾಯಿಗೆ ನೀರು ಹರಿಸುವ ಕೊಳವೆಯಂತೆ. ಚಹಾವನ್ನು ಒಂದು ಜರಡಿಯಿಂದ ಇನ್ನೊಂದಕ್ಕೆ ಸೋಸಿದ ಹಾಗೆ. ಜರಡಿಗಳ ಕ್ರಮ ಹಿಂದುಮುಂದಾದರೂ ಕೊನೆಯಲ್ಲಿ ಉಳಿಯುವ ಸಾಲುಗಳು ಅವೇ. ಆದರೆ ಪ್ರತಿ ಜರಡಿಯಲ್ಲೂ 'ಅಥವಾ' ಇಟ್ಟುಕೊಳ್ಳದಿದ್ದರೆ ಮೋಸವಾಗುತ್ತದೆ. ಹೆಂಡತಿಯ ಹೆಸರು ಸರಿಯಾಗಿದ್ದು ಗಂಡನ ಹೆಸರು ಇಬ್ರಾಯಿ ಎಂದು ಬರೆದಿದ್ದರೆ, ಎರಡನೆಯ ಜರಡಿ ಆ ತಾಯಿಯನ್ನು ಸದ್ದಿಲ್ಲದೆ ಕೆಳಗೆ ಬೀಳಿಸುತ್ತದೆ.

ಮೂರನೆಯದು 'ಅಲ್ಲ'. ಈ ಪದ ಇಲ್ಲದ ಸಾಲುಗಳನ್ನು ಮಾತ್ರ ತೋರಿಸು ಎಂದೂ ಕೇಳಬಹುದು. ಬೇಡದ್ದನ್ನು ಕಿತ್ತುಹಾಕಲು ಇದು ಸುಲಭದ ದಾರಿ, ಆದರೆ ಮನುಷ್ಯರ ಪಟ್ಟಿಯಲ್ಲಿ ಅತ್ಯಂತ ಅಪಾಯದ್ದೂ ಇದೇ. 'ಮೃತ' ಎಂದು ಗುರುತಿಸಿದ ಸಾಲುಗಳನ್ನು ಬಿಡೋಣವೆಂದು ಆ ಪದವನ್ನು 'ಅಲ್ಲ'ದೊಂದಿಗೆ ಕೊಟ್ಟರೆ ಅಮೃತಾ ಎಂಬ ಹುಡುಗಿ ಕೂಡ ಪಟ್ಟಿಯಿಂದ ಮಾಯವಾಗುತ್ತಾಳೆ. ಏಕೆಂದರೆ ಅವಳ ಹೆಸರಿನೊಳಗೆ ಆ ಅಕ್ಷರಗಳಿವೆ. ತಪ್ಪಾಗಿ ಒಳಬಂದ ಸಾಲನ್ನು ಕಣ್ಣು ಕಾಣುತ್ತದೆ, ತಪ್ಪಾಗಿ ಹೊರಹೋದ ಸಾಲನ್ನು ಯಾರೂ ಕಾಣುವುದಿಲ್ಲ. ಆದ್ದರಿಂದ ನಮ್ಮ ಕೋಣೆಯಲ್ಲಿ ಒಂದು ನಿಯಮವಿದೆ. 'ಅಲ್ಲ' ಎಂದು ಸೋಸಿದಾಗಲೆಲ್ಲ, ಹೊರಬಿದ್ದ ಸಾಲುಗಳನ್ನು ಪ್ರತ್ಯೇಕವಾಗಿ ತೆರೆದು ಒಬ್ಬರು ಗಟ್ಟಿಯಾಗಿ ಓದಬೇಕು.

ಇಷ್ಟೆಲ್ಲ ಮಾಡಿದರೂ ಸಿಗದ ಹೆಸರುಗಳಿರುತ್ತವೆ. ಕಾರಣ ಕಣ್ಣಿಗೆ ಕಾಣದ ಕಡೆ ಇರುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಶೇಖರವಾಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಅಲ್ಲಿ ಇಂದಿನ ಯೂನಿಕೋಡ್ ಕನ್ನಡದಲ್ಲಿ ಬರೆದ ಹೆಸರನ್ನು ಹುಡುಕಿದರೆ ಒಂದೂ ಸಿಗದು. ಯೂನಿಕೋಡಿನಲ್ಲೂ ತೊಡಕಿದೆ. ಫಾತಿಮಾದ 'ಫ'ಕ್ಕೆ ಕೆಲವರು ಕೆಳಗೆ ಚುಕ್ಕಿ ಇಡುತ್ತಾರೆ, ಕೆಲವರು ಇಡುವುದಿಲ್ಲ. ಅರ್ಷದ್ ಎಂಬ ಹೆಸರನ್ನು ಅರ್ಕಾವತ್ತಿನಿಂದ ಬರೆದರೆ ಒಂದು, 'ರ'ಕ್ಕೆ ಷ ಒತ್ತು ಕೊಟ್ಟು ಬರೆದರೆ ನಡುವೆ ಕಾಣದ ಜೋಡಕವೊಂದು ಸೇರಿ ಇನ್ನೊಂದು. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಪ-ಫ, ದ-ಧ, ಡ-ಢಗಳ ಹೊಟ್ಟೆ ಸೀಳುವ ಸಣ್ಣ ಗೆರೆಯನ್ನು ಎಷ್ಟೋ ಸಲ ನುಂಗಿಬಿಡುತ್ತದೆ.

ಕಳೆದ ವರ್ಷ ಬಂದ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಹೆಸರು ಬೇಡ. ಮನೆಯವರು ಕರೆಯುವುದು ಒಂದು, ಪಡಿತರ ಚೀಟಿಯಲ್ಲಿರುವುದು ಇನ್ನೊಂದು. ಗುರುತುಚೀಟಿ ಮಳೆಗಾಲದಲ್ಲಿ ಒದ್ದೆಯಾಗಿ ಹಾಳಾಗಿತ್ತು. ನಮ್ಮಲ್ಲಿದ್ದ ಎಲ್ಲ ರೂಪಗಳನ್ನು ಹಾಕಿದರೂ ಉತ್ತರ ಬರಲಿಲ್ಲ. ಹೊರಗೆ ಬೇರೆ ಯಾರೋ ಅವರಿಗೆ "ನಿಮ್ಮ ಹೆಸರು ತೆಗೆದಿದ್ದಾರೆ" ಎಂದು ಹೇಳಿ ಹೆದರಿಸಿಯೂ ಆಗಿತ್ತು. ಆಗ ನಮ್ಮ ಕಾಲೇಜು ಹುಡುಗಿ ಹೆಸರನ್ನು ಬಿಟ್ಟು, ಮನೆ ಸಂಖ್ಯೆ ಮತ್ತು ಸ್ತ್ರೀ ಎಂಬ ಎರಡೇ ಪದಗಳಿಂದ ಸೋಸಿದಳು. ನಾಲ್ಕು ಸಾಲುಗಳು ಬಂದವು. ಮೂರು ಸೊಸೆಯಂದಿರದು, ನಾಲ್ಕನೆಯದು ಅಜ್ಜಿಯದು. ಹೆಸರಿನ ಮೊದಲ ಅಕ್ಷರವೇ ಬೇರೆಯಾಗಿತ್ತು, ಗಂಡನ ಹೆಸರಿನ ಜಾಗದಲ್ಲಿ ಮನೆತನದ ಹೆಸರಷ್ಟೇ ಇತ್ತು. ತಿದ್ದುಪಡಿಗೆ ಫಾರಂ 8 ತುಂಬಿಸಿದೆವು. ಅಜ್ಜಿ ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದು ನಾನಾ?" ಎಂದು ಕೇಳಿದರು. ಹೌದು ಎಂದೆವು. ಅವರು ಒಂದು ನಿಮಿಷ ಸುಮ್ಮನೆ ಕೂತರು.

ಹೆಸರು ಕೇಳಿದಂತೆ ಬರೆಯುವ ಸಮಸ್ಯೆ ಜಗತ್ತಿನಲ್ಲಿ ನಮಗೊಬ್ಬರಿಗೇ ಬಂದದ್ದಲ್ಲ. ವಲಸಿಗರಿಂದ ತುಂಬಿದ ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬವರು 1918ರಲ್ಲಿ ಒಂದು ಪೇಟೆಂಟ್ ಪಡೆದರು. ಮೊದಲ ಅಕ್ಷರವನ್ನು ಉಳಿಸಿ, ಉಳಿದ ವ್ಯಂಜನಗಳನ್ನು ಧ್ವನಿಯ ಹೋಲಿಕೆಯಂತೆ ಅಂಕಿಗಳಾಗಿಸುವ ಕ್ರಮಕ್ಕೆ ಅದು ತಳಹದಿಯಾಯಿತು. ಅಲ್ಲಿನ ಹಳೆಯ ಜನಗಣತಿಯ ದಾಖಲೆಗಳಿಗೆ ಆ ಕ್ರಮದಲ್ಲಿ ಸೂಚಿ ಮಾಡಲಾಗಿದೆ. ಕಾಗುಣಿತ ಬೇರೆಯಾದರೂ ಉಚ್ಚಾರ ಹತ್ತಿರವಿದ್ದರೆ ಒಂದೇ ಕಡೆ ಸಿಗಲಿ ಎಂಬುದೇ ಅದರ ಉದ್ದೇಶ. ಪಟ್ಟಿ ಮಾಡುವವರು ಮನಸ್ಸು ಮಾಡಿದರೆ ಹೆಸರಿನ ಹಲವು ರೂಪಗಳಿಗೆ ಜಾಗ ಕೊಡಬಹುದು ಎಂಬುದಕ್ಕೆ ನೂರು ವರ್ಷ ಹಳೆಯ ಸಾಕ್ಷಿ ಇದು.

ಹಾಗಂತ ಹುಡುಕುವ ಅನುಕೂಲ ಒಳ್ಳೆಯದನ್ನು ಮಾತ್ರ ಮಾಡುತ್ತದೆಂದು ಹೇಳಲಾಗದು. ನಾವು ಸಿದ್ಧಪಡಿಸಿದ ಹೆಸರುಗಳ ಕಡತವನ್ನೇ ನೋಡಿ. ಅದರಲ್ಲಿ ಒಂದು ಸಮುದಾಯದ ಹೆಸರುಗಳ ಎಲ್ಲ ರೂಪಗಳೂ ಇವೆ. ಬಿಟ್ಟುಹೋದವರನ್ನು ಹುಡುಕಿ ಸೇರಿಸಲು ಅದನ್ನು ಬಳಸಬಹುದು. ಅದೇ ಕಡತದಿಂದ, ಅದೇ ಆಜ್ಞೆಯಿಂದ, ಆ ಸಮುದಾಯದವರನ್ನೆಲ್ಲ ಆರಿಸಿ ಒಂದು ಕಡೆ ಗುಡ್ಡೆ ಹಾಕಿ, ಒಬ್ಬೊಬ್ಬರ ಮೇಲೂ ಆಕ್ಷೇಪಣೆ ಸಲ್ಲಿಸಲೂಬಹುದು. ಯಂತ್ರ ಇಬ್ಬರಿಗೂ ಒಂದೇ ಉತ್ತರ ಕೊಡುತ್ತದೆ. 1939ರ ಜರ್ಮನಿಯ ಜನಗಣತಿಯಲ್ಲಿ ಅಜ್ಜ ಅಜ್ಜಿಯರು ಯಹೂದಿಗಳೇ ಎಂಬ ಪ್ರಶ್ನೆಯನ್ನೂ ಕೇಳಲಾಗಿತ್ತು. ನಾಜಿಗಳ ವಶದಲ್ಲಿದ್ದ ಆಮ್‌ಸ್ಟರ್‌ಡ್ಯಾಮಿನಲ್ಲಿ 1943ರ ಮಾರ್ಚ್ 27ರಂದು ಪ್ರತಿರೋಧ ಹೋರಾಟಗಾರರು ನಗರದ ಜನಸಂಖ್ಯಾ ನೋಂದಣಿ ಕಚೇರಿಗೇ ಬೆಂಕಿ ಇಟ್ಟರು. ಹೆಸರಿನ ಕಾರ್ಡುಗಳು ಇದ್ದಷ್ಟು ಕಾಲ ಹುಡುಕುವವರು ಹುಡುಕುತ್ತಲೇ ಇರುತ್ತಾರೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಖಾಸಗಿತನದ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡತ ಒಂದೇ ಯಂತ್ರದಲ್ಲಿದೆ, ವಾಟ್ಸಪ್ಪಿನಲ್ಲಿ ಯಾರಿಗೂ ಹೋಗುವುದಿಲ್ಲ, ಆ ವರ್ಷದ ಕೆಲಸ ಮುಗಿದ ಮೇಲೆ ಅಳಿಸುತ್ತೇವೆ.

ಆದರೆ ಖಾಸಗಿತನದ ಹೆಸರಿನಲ್ಲಿ ಪಟ್ಟಿಯ ಬಾಗಿಲನ್ನೇ ಮುಚ್ಚಿದರೆ, ಬಿಟ್ಟುಹೋದವನಿಗೆ ತಾನು ಬಿಟ್ಟುಹೋಗಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ. ಬಿಹಾರದಲ್ಲಿ 2025ರಲ್ಲಿ ನಡೆದ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದಾಗ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ನೀಡಿದ ಆದೇಶ ಇಲ್ಲಿ ನೆನಪಾಗುತ್ತದೆ. ಹೊರಗುಳಿದವರ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕು, ಗುರುತುಚೀಟಿಯ ಸಂಖ್ಯೆಯಿಂದ ಹುಡುಕಿ ನೋಡುವಂತಿರಬೇಕು ಎಂದು ಅದು ಹೇಳಿತು. ಒಳಗಿರುವವರ ಪಟ್ಟಿಯಷ್ಟೇ ಹೊರಗಿರುವವರ ಪಟ್ಟಿಯೂ ಮುಖ್ಯ ಎಂಬ ಮಾತು ಇದರಲ್ಲಿದೆ. ನಮ್ಮ ಕೋಣೆಯಲ್ಲಿ 'ಅಲ್ಲ' ಎಂದು ಸೋಸಿದ ಸಾಲುಗಳನ್ನು ಗಟ್ಟಿಯಾಗಿ ಓದುವ ನಿಯಮವನ್ನು ಒಂದು ರಾಜ್ಯಕ್ಕೆ ಹಿಗ್ಗಿಸಿದರೆ ಆಗುವುದು ಇದೇ.

ಈ ಕೆಲಸ ನಮಗೆ ಕಲಿಸಿದ್ದು ಇಷ್ಟು. ಪಟ್ಟಿಯಲ್ಲಿ ಮನುಷ್ಯರನ್ನು ಹುಡುಕುವವರು 'ಅಥವಾ'ವನ್ನು ಧಾರಾಳವಾಗಿ, 'ಮತ್ತು'ವನ್ನು ಎಚ್ಚರದಿಂದ, 'ಅಲ್ಲ'ವನ್ನು ಭಯದಿಂದ ಬಳಸಬೇಕು. ಯಂತ್ರ ಏನನ್ನೂ ತೋರಿಸದಿದ್ದರೆ ಅದರ ಅರ್ಥ "ನೀವು ಕೇಳಿದ ಅಕ್ಷರಗಳು ಈ ಸಾಲುಗಳಲ್ಲಿಲ್ಲ" ಎಂದು ಮಾತ್ರ. ಆ ಮನುಷ್ಯ ಇಲ್ಲ ಎಂಬ ತೀರ್ಪು ಅದರಲ್ಲಿಲ್ಲ. ಈ ವ್ಯತ್ಯಾಸವನ್ನು ತಿಳಿಯದ ಅಧಿಕಾರಿಯೂ ಕಾರ್ಯಕರ್ತನೂ ಒಂದೇ ರೀತಿ ಅನಾಹುತ ಮಾಡಬಲ್ಲರು.

ಓದುಗರಲ್ಲಿ ನಮ್ಮ ವಿನಂತಿ ಸಣ್ಣದು. ನಿಮ್ಮ ಮನೆಯ ಎಲ್ಲರ ಹೆಸರು ಮತದಾರರ ಪಟ್ಟಿಯಲ್ಲಿ, ಪಡಿತರ ಚೀಟಿಯಲ್ಲಿ, ಶಾಲೆಯ ದಾಖಲೆಯಲ್ಲಿ ಹೇಗೆ ಬರೆದಿದೆ ಎಂದು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿ. ಬೇರೆಬೇರೆ ಇದ್ದರೆ ಒಂದು ಹಾಳೆಯಲ್ಲಿ ಎಲ್ಲ ರೂಪಗಳನ್ನೂ ಬರೆದಿಡಿ. ತಿದ್ದಬೇಕಾದರೆ ಫಾರಂ 8, ಹೆಸರೇ ಇಲ್ಲದಿದ್ದರೆ ಫಾರಂ 6. ಪಕ್ಕದ ಮನೆಯ ಓದುಬಾರದ ಹಿರಿಯರ ಹೆಸರನ್ನೂ ಅದರೊಂದಿಗೇ ನೋಡಿಬಿಡಿ. ಅವರ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡರೆ ಹುಡುಕುವ ಕೆಲಸ ಅರ್ಧ ಮುಗಿದಂತೆ.